ನನ್ನ ಕೈ ಎರೆಯದ ಕೂಸು

ಗೋಕಾಕ ಸೀಮೆಯಲ್ಲಿ ಯಾರ ಎಲುಬು ಮುರಿದರೂ ನೋಡಲು ಬರುವವರು ಕರದಂಟು ತರುತ್ತಾರೆ. ಅಂಟು, ಒಣಕೊಬ್ಬರಿ, ಉತ್ತತ್ತಿ, ಬದಾಮಿ ಎಲ್ಲ ಬೆಲ್ಲದಲ್ಲಿ ಕೂಡಿದ ಮೇಲೆ ಅದು ಎಲುಬಿಗೆ ಹತ್ತದೆ ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮ ಲೆಕ್ಕ. ಬಾಣಂತಿಗೂ ಅದೇ, ಬಿದ್ದವರಿಗೂ ಅದೇ. ನನ್ನ ಬಲಗೈಯ ಮಣಿಕಟ್ಟು ಮುರಿದಾಗ ಮೂಡಲಗಿಯ ನಮ್ಮ ಮನೆಯ ಕಪಾಟಿನಲ್ಲಿ ಡಬ್ಬಿಯ ಮೇಲೆ ಡಬ್ಬಿ ಏರಿದವು. ಬೆಲ್ಲದ ಬಾಗೇವಾಡಿಯಿಂದ ತಮ್ಮ ತಂದ, ಮಮದಾಪುರದಿಂದ ನಾದಿನಿ ಕಳಿಸಿದಳು, ಓಣಿಯವರಂತೂ ಬರಿಗೈಯಲ್ಲಿ ಬರುವವರೇ ಅಲ್ಲ. ಅಷ್ಟು ಕರದಂಟಿನ ನಡುವೆ ಕೂತಿದ್ದ ನನಗೆ ಅದರ ಒಂದು ತುಣುಕನ್ನು ಅಗಿಯುವಷ್ಟು ಹಲ್ಲು ಗಟ್ಟಿ ಇರಲಿಲ್ಲ.

ಈಗ ಅದನ್ನು ನೆನೆದರೆ ನಗು ಬರುತ್ತದೆ. ಆದರೆ ನಗಿಸಲಿಕ್ಕೆ ಇದನ್ನು ಬರೆಯುತ್ತಿಲ್ಲ. ಬೆಳಿಗ್ಗೆ ಬಾಯಿ ಮುಕ್ಕಳಿಸಿದಾಗ ಕೆಂಪು ನೀರು ಬಂದರೆ, ಯಾರ ಕಣ್ಣಿಗೂ ಬೀಳದಿರಲೆಂದು ಬಚ್ಚಲಿಗೆ ಇನ್ನೊಂದು ತಂಬಿಗೆ ನೀರು ಸುರಿದು ಬರುವ ಹೆಂಗಸರು ಬಹಳ ಮಂದಿ ಇದ್ದೀರಿ. ನಾನೂ ಅವರಲ್ಲೊಬ್ಬಳು. ನಿಮಗೆ ಹೇಳಬೇಕೆಂದೇ ಫೋನಿನಲ್ಲಿ ಒಂದೊಂದು ಅಕ್ಷರ ಹುಡುಕಿ ಒತ್ತುತ್ತಿದ್ದೇನೆ.

ಮೊದಲು ನನ್ನ ಕೈಯ ವಿಷಯ. ಅದು ಕೂಸಿಗೆ ಎರೆಯುವ ಕೈ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಎರೆಯುವುದು ಎಲ್ಲರಿಗೂ ಒಲಿಯುವ ಕೆಲಸವಲ್ಲ. ಒಂದು ಕೈ ನೀರು ಎರೆಯುತ್ತಿದ್ದರೆ ಇನ್ನೊಂದು ಕೈ ಜಾರುವ ಕೂಸನ್ನು ಹಿಡಿದಿರಬೇಕು. ನಮ್ಮ ಓಣಿಯಲ್ಲಿ ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಗಂಡಸರ ಬೆನ್ನಿನ ಮಚ್ಚೆ ಎಲ್ಲಿದೆ ಎಂದು ನನಗೆ ಗೊತ್ತು. ಯಾರಾದರೂ ನನ್ನ ಮುಂದೆ ದನಿ ಏರಿಸಿದರೆ ಬಜಾರಿನಲ್ಲೇ ಅದನ್ನು ಹೇಳಿಬಿಡುತ್ತೇನೆ. ಅವರು ತೆಪ್ಪಗಾಗುತ್ತಾರೆ.

ಈ ಕೆಲಸದಲ್ಲಿ ನನಗೆ ಒಬ್ಬಳೇ ಎದುರಾಳಿ, ಪಕ್ಕದ ಮನೆಯ ಕಸ್ತೂರಿ. ಜೈನರ ಮನೆಯ ಹಿರಿಯಳು, ನನ್ನ ವಾರಿಗೆಯವಳು. ನಡುವೆ ಒಂದು ಮೋಟುಗೋಡೆ, ಅದರ ಮೇಲಿಂದಲೇ ನಮ್ಮ ಜಗಳ.

“ಗೌರಕ್ಕಾ, ನೀ ಕೂಸಿಗಿ ಎರೀತಿಯೋ ಎಮ್ಮಿ ತೊಳೀತಿಯೋ?” ಎನ್ನುತ್ತಿದ್ದಳು.

“ನಿನ್ನಂಗ ಮೆಲ್ಲಕ ಮುಟ್ಟಿದ್ರ ಕೂಸಿಗಿ ನಿದ್ದಿ ಬರೂದಿಲ್ಲ, ಕಚಗುಳಿ ಆಗ್ತೈತಿ,” ಎನ್ನುತ್ತಿದ್ದೆ.

ನನ್ನ ಮೊಮ್ಮಗಳು ದೀಪಾಳನ್ನು ಹುಕ್ಕೇರಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಬಸುರಾದ ಸುದ್ದಿ ಹೇಳಿದ ದಿನವೇ ಅವಳು ಫೋನಿನಲ್ಲಿ ಮಾತು ತೆಗೆದುಕೊಂಡಳು: “ಆಯಿ, ಎರಿಯಾಕ ನೀನ ಬೇಕ ನೋಡು. ನನಗ ಎರದಂಗ ನನ್ನ ಕೂಸಿಗಿ ಎರೀಬೇಕ.”

“ಎರೀದ ಏನ್ ಮಾಡ್ತೇನಿ? ನನ್ನ ಕೈಯೇನ ಸವದಾವ?” ಎಂದೆ. ಎಲುಬು ಒಳಗೊಳಗೇ ಸವೆದಿತ್ತು, ನನಗೆ ಗೊತ್ತಿರಲಿಲ್ಲ.

ಬಾಯಿ ಮಾತ್ರ ಬಹಳ ದಿನಗಳಿಂದ ಹೇಳುತ್ತಲೇ ಇತ್ತು. ನಮ್ಮ ಕಡೆಯ ಹಳೆಯ ಹೆಂಗಸರಿಗೆ ಮಿಸ್ರಿಯ ಚಟ. ತಂಬಾಕನ್ನು ತವೆಯ ಮೇಲೆ ಕರ್ರಗೆ ಸುಟ್ಟು ಪುಡಿ ಮಾಡಿ ತೋರುಬೆರಳಿನಿಂದ ಹಲ್ಲಿಗೆ, ಒಸಡಿಗೆ ತಿಕ್ಕುವುದು. ಹಲ್ಲಿಗೆ ಒಳ್ಳೆಯದು ಎಂದು ನನ್ನ ಅವ್ವ ಕಲಿಸಿದಳು, ಅವಳಿಗೆ ಅವಳ ಅವ್ವ. ಒಸಡು ಬಾತು ರಕ್ತ ಬಂದರೆ ಇನ್ನಷ್ಟು ಮಿಸ್ರಿ ತಿಕ್ಕುತ್ತಿದ್ದೆ. ಜಾಗ ಜೋಮು ಹಿಡಿದು ನೋವು ಅಡಗುತ್ತಿತ್ತು. ನೋವು ಅಡಗಿದ್ದನ್ನೇ ಗುಣವಾಯಿತು ಎಂದುಕೊಂಡೆ. ತೀರ ಬಾತರೆ ಬಜಾರಿನ ಔಷಧಿ ಅಂಗಡಿಯಿಂದ “ಹ್ವಾದ ಸಲದ್ದ ಕೊಡು” ಎಂದು ಗುಳಿಗೆ ತರಿಸಿ ನುಂಗುತ್ತಿದ್ದೆ. ಎರಡು ದಿನ ನುಂಗಿ ಬಾವು ಇಳಿದರೆ ಉಳಿದವನ್ನು ಮುಂದಿನ ಸಲಕ್ಕೆ ಡಬ್ಬಿಯಲ್ಲಿಡುತ್ತಿದ್ದೆ. ಜಾಣೆ ಅಲ್ಲವೇ?

ಹಲ್ಲು ಅಲ್ಲಾಡತೊಡಗಿದ ಮೇಲೆ ಕಡಕ್ ರೊಟ್ಟಿ ಬಿಟ್ಟೆ. ರೊಟ್ಟಿಯ ಬಾಜೂಕ್ಕೆ ಹಸಿ ಮೆಂತೆ, ಗಜ್ಜರಿ, ಮೂಲಂಗಿ ಇಟ್ಟುಕೊಂಡು ತಿನ್ನುವುದು ಬಿಟ್ಟೆ. ತಣ್ಣನೆಯ ಮಜ್ಜಿಗೆ ಒಸಡಿಗೆ ಚಳಕು ಹೊಡೆಸುತ್ತದೆಂದು ಅದನ್ನೂ ಬಿಟ್ಟೆ. ಚಹಾದಲ್ಲಿ ಅದ್ದಿದ ಖಾರಿ ಬಿಸ್ಕೀಟೇ ಊಟವಾಯಿತು. ಹೊಟ್ಟೆ ಒಂದು ದಿನ ಕಟ್ಟಿದರೆ ಮರುದಿನ ಸಡಿಲ. ಮೈ ಇಳಿಯಿತು. ವಯಸ್ಸಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ದೀಪಾಳ ಅವ್ವ, ನನ್ನ ಸೊಸೆ ಮಹಾದೇವಿಯ ಕಣ್ಣಿಗೆ ಎಲ್ಲ ಬೀಳುತ್ತಿತ್ತು. ಒಂದು ದಿನ ಅರಿವೆ ಒಗೆಯಲು ತೆಗೆದವಳು ದಿಂಬಿನ ಚೀಲ ಹಿಡಿದುಕೊಂಡು ಬಂದಳು. “ಅತ್ತೀ, ಇದಕ್ಕ ರಕ್ತ ಹತ್ತೇತಿ. ನಾಳಿ ಗೋಕಾಕಕ್ಕ ಹೋಗಿ ಹಲ್ಲ ತೋರಿಸ್ಕೊಂಡ ಬರೂಣು ನಡೀರಿ.”

“ದೀಪಾಂದ ಬಾಣಂತನ ಮುಗೀಲಿ. ಹಲ್ಲೇನ ಓಡಿ ಹೋಗ್ತಾವ?”

“ಓಡಿ ಹೋಗೂದಿಲ್ಲರಿ, ಉದುರಿ ಹೋಗ್ತಾವ.”

ಆ ಮಾತಿಗೆ ನಾನು ನಕ್ಕೆ, ಅವಳೂ ನಕ್ಕಳು. ನಗಿಸಿ ಕೆಲಸ ತಪ್ಪಿಸಿಕೊಳ್ಳುವುದು ನನಗೆ ಚೆನ್ನಾಗಿ ಬರುತ್ತದೆ. ಅವತ್ತು ಅದು ಬಾರದಿದ್ದರೆ ಚೆನ್ನಾಗಿತ್ತು.

ದೀಪಾ ತುಂಬಿದ ಹೊಟ್ಟೆಯಲ್ಲಿ ತವರಿಗೆ ಬಂದಳು. ನಾನು ಅಟ್ಟದ ಮೇಲಿನ ಮಣೆ ಇಳಿಸಿ, ಬಚ್ಚಲಲ್ಲಿಟ್ಟು ಸಾಬೂನು ಹಚ್ಚಿ ತೊಳೆದೆ. ಕಾಲು ಹಿಂದಿನಂತೆ ಚಾಚಲು ಬರುತ್ತದೋ ಇಲ್ಲವೋ ನೋಡೋಣವೆಂದು ಅದರ ಮೇಲೆ ಕೂತೆ. ಬಂತು. ಖುಷಿಯಲ್ಲಿ ನೆಲಕ್ಕೆ ಅಂಗೈ ಊರಿ ಏಳಹೋದೆ. ಸಾಬೂನಿನ ನೀರು, ಕೈ ಜಾರಿತು. ಹಪ್ಪಳ ಮುರಿದಂಥ ಸಣ್ಣ ಸದ್ದು ಕೇಳಿತು. ಬಿದ್ದದ್ದೂ ಅಲ್ಲ, ಕುಸಿದು ಕೂತದ್ದು ಅಷ್ಟೇ.

ಗೋಕಾಕದ ಎಲುಬಿನ ಡಾಕ್ಟರು ಪ್ಲಾಸ್ಟರ್ ಹಾಕಿಸಿದರು. ಎಕ್ಸ್‌ರೇ ಫೋಟೋ ಬೆಳಕಿಗೆ ಹಿಡಿದು, “ಇಷ್ಟ ಸಣ್ಣ ಪೆಟ್ಟಿಗಿ ಮುರೀಬಾರದಿತ್ತಬೇ. ಎಲುಬು ಭಾಳ ತೆಳ್ಳಗಾಗೇತಿ,” ಎಂದು ಇನ್ನೊಂದಿಷ್ಟು ಪರೀಕ್ಷೆ ಬರೆದರು. ಎಲ್ಲ ನೋಡಿದ ಮೇಲೆ, “ಎಲುಬಿಗಿ ಒಂದ ಇಂಜೆಕ್ಷನ್ ಕೊಡೂದೈತಿ. ಅದಕ್ಕೂ ಮೊದಲ ಹಲ್ಲಿನ ಡಾಕ್ಟರಿಗಿ ತೋರಿಸ್ಕೊಂಡ ಬರ್ರಿ,” ಎಂದರು.

“ಸಾಹೇಬ್ರ, ಮುರದದ್ದ ಕೈರಿ. ನನ್ನ ಬಾಯಿ ಇನ್ನೂ ಗಟ್ಟಿ ಐತಿ, ಬೇಕಾರ ಸೊಸೀನ ಕೇಳ್ರಿ.”

ಅವರು ನಕ್ಕರು. ಆ ಇಂಜೆಕ್ಷನ್ ಕೊಟ್ಟ ಮೇಲೆ ಹಲ್ಲು ಕೀಳಬೇಕಾಗಿ ಬಂದರೆ ದವಡೆಯ ಗಾಯ ಬೇಗ ಮಾಯದೆ ತೊಂದರೆಯಾಗಬಹುದು, ಅದಕ್ಕೇ ಬಾಯಿಯ ಕೆಲಸ ಮೊದಲು ಎಂದು ತಿಳಿಸಿ ಹೇಳಿದರು. ನನಗೆ ಬೇಕಿದ್ದದ್ದು ಬೇರೆ. “ಕೂಸಿಗಿ ಎರಿಯಾಕ ಯಾವಾಗ ಬರ್ತೈತ್ರಿ?” ಎಂದು ಕೇಳಿದೆ.

“ಪ್ಲಾಸ್ಟರ್ ತಗದ ಮ್ಯಾಲ ನೋಡೂಣು. ಈಗಂತೂ ಕೂಸಿನ್ನ ಎತ್ತೂದು ಬ್ಯಾಡ.”

ದೀಪಾ ಬಾಜೂಕ್ಕೇ ಕೂತಿದ್ದಳು. ಹೊಟ್ಟೆಯ ಮೇಲಿನ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದಳು.

ಆಮೇಲೆ ಬಂದವೇ ಕರದಂಟಿನ ಡಬ್ಬಿಗಳು. ಮೂಳೆ ಬೇಗ ಕೂಡಬೇಕು, ಹೆರಿಗೆಯ ಹೊತ್ತಿಗೆ ಕೈ ಬರಬೇಕು, ಅದೊಂದೇ ಗ್ಯಾನ ನನಗೆ. ಒಂದು ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಕಪಾಟು ತೆಗೆದೆ. ಸಣ್ಣ ತುಣುಕನ್ನು ನಾಲಿಗೆಯ ಮೇಲಿಟ್ಟು ಕರಗಿಸೋಣವೆಂದೇ ಇದ್ದೆ. ಬೆಲ್ಲ ಕರಗಿತು, ಬದಾಮಿ ಸಿಕ್ಕಿತು, ಆಸೆ ತಡೆಯಲಿಲ್ಲ, ಕಚ್ಚಿದೆ. ತುಣುಕನ್ನು ಹೊರಗೆ ಎಳೆದಾಗ ಅದರ ಜೊತೆ ಕೆಳಗಿನ ಮುಂದಿನ ಹಲ್ಲೂ ಬಂತು. ಅಂಟಿನಲ್ಲಿ ನೆಟ್ಟಗೆ ನಿಂತಿತ್ತು. ನೋವಾಗಲಿಲ್ಲ. ನೋವಾಗಲಿಲ್ಲ ಎಂಬುದಕ್ಕೇ ಹೆದರಿದೆ.

ಮಹಾದೇವಿ ಬಾಗಿಲಲ್ಲಿ ನಿಂತಿದ್ದಳು. “ಅತ್ತೀ, ಬಾಯಾಗ ಏನೈತಿ?”

“ಬದಾಮಿ.”

“ಕೈಯಾಗ?”

“ಹಲ್ಲು.”

ಅವಳು ನಗುತ್ತಾಳೆ ಅಂದುಕೊಂಡೆ. ಅಲ್ಲೇ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತಳು. “ಎಷ್ಟ ಸಲ ಹೇಳೇನ್ರಿ ನಿಮಗ? ನಕ್ಕೋಂತ ನಕ್ಕೋಂತ ಏನ ಮಾಡ್ಕೊಂಡ ಕುಂತ್ರಿ?” ನಾನು ಒಂದು ಕೈಯಲ್ಲಿ ಪ್ಲಾಸ್ಟರ್, ಒಂದು ಕೈಯಲ್ಲಿ ಕರದಂಟು ಹಿಡಿದು ನಿಂತಿದ್ದೆ. ಅವಳ ತಲೆ ಸವರೋಣವೆಂದರೆ ಖಾಲಿ ಕೈಯಿರಲಿಲ್ಲ.

ಮರುದಿನವೇ ಗೋಕಾಕದ ಹಲ್ಲಿನ ಆಸ್ಪತ್ರೆಗೆ ಹೋದೆವು. ಕೂರುವ ಬಾಕಿನ ತುಂಬ ಹೆಂಗಸರು, ಎಲ್ಲರ ಬಾಯಿಗೂ ಸೆರಗು. ಒಳಗಿನಿಂದ ಯಂತ್ರ ಗುಂಯ್‌ಗುಟ್ಟಿದಾಗಲೆಲ್ಲ ಎಲ್ಲರೂ ಒಮ್ಮೆಗೇ ಕಾಲು ಮುದುಡಿಕೊಳ್ಳುವರು. ಬಾಜೂಕ್ಕೆ ಕೂತ ಹೆಂಗಸು ನನ್ನ ಪ್ಲಾಸ್ಟರ್ ನೋಡಿ ಕೇಳಿದಳು: “ನೀವು ತಪ್ಪಿ ಈ ದವಾಖಾನಿಗಿ ಬಂದೀರೇನ್ರಿ?”

“ಇಲ್ಲವಾ, ಕೈ ಆತು, ಈಗ ಬಾಯಿದು.”

ಅವಳು ನನ್ನ ಎಡಗೈಯ ಬೆರಳು ನೋಡಿದಳು. ನಾನು ಅವಳ ಬಲಗೈಯ ಬೆರಳು ನೋಡಿದೆ. ಎರಡರ ತುದಿಯೂ ಕಪ್ಪು. ಇಬ್ಬರಿಗೂ ಮಿಸ್ರಿ ಎಂದು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. “ನಿಮ್ಮವೂ ಅಲ್ಲಾಡ್ತಾವ?” ಎಂದು ಪಿಸುಗುಟ್ಟಿದಳು. “ಅಲ್ಲಾಡೂದ ಮುಗದೈತಿ, ಒಂದ ನಿನ್ನೆ ಮನಿ ಬಿಟ್ಟ ಹೋತು,” ಎಂದೆ. ಸೆರಗಿನೊಳಗೇ ಅವಳು ನಕ್ಕಳು, ಅತ್ತ ಕೂತವರೂ ನಕ್ಕರು. ನನ್ನದೊಂದೇ ಬಾಯಿ ಹೀಗೆ ಎಂದು ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದೆ. ಆ ಬಾಕಿನ ಮೇಲೆ ಕೂತ ಅರ್ಧ ತಾಸು ನನಗೆ ಸಿಕ್ಕ ಮೊದಲ ಮದ್ದು.

ಹಲ್ಲಿನ ಡಾಕ್ಟರು ದೀಪಾಳಿಗಿಂತ ತುಸು ದೊಡ್ಡ ಹುಡುಗಿ. ಕನ್ನಡಿ ಹಿಡಿದು ಒಳಗೆಲ್ಲ ನೋಡಿದಳು. ಒಸಡಿನ ಕೆಳಗೆ ದವಡೆಯ ಎಲುಬೂ ಸವೆದಿದೆ, ಕೆಲವು ಹಲ್ಲು ಉಳಿಯುವುದಿಲ್ಲ ಎಂದಳು. ಯಾವ ಗುಳಿಗೆ ನುಂಗಿದ್ದೆ, ಹೊಟ್ಟೆ ಹೇಗಿದೆ, ಏನು ಉಣ್ಣುತ್ತೇನೆ ಎಂದು ಕೇಳುತ್ತ ಹೋದಳು. ಹಲ್ಲಿನವಳಿಗೆ ನನ್ನ ಹೊಟ್ಟೆ ಯಾಕೆ ಬೇಕು ಎಂದೆ.

“ಆಯಿ, ಹಾಲಿಗಿ ಹೆಪ್ಪ ಹಾಕ್ತೀರಲ್ಲ, ಅದರಾಗ ಕಣ್ಣಿಗಿ ಕಾಣದ ಜೀವ ಇರ್ತಾವ. ನಿಮ್ಮ ಹೊಟ್ಟ್ಯಾಗೂ ಅಂಥಾವು ಅದಾವ. ಉಂಡದ್ದು ಮೈಗಿ ಹತ್ತಾಕ ಅವೂ ದುಡೀತಾವ. ಬಾಯಾಗಿನ ಕೆಟ್ಟವು ದಿನಾ ಉಗುಳಿನ ಜೋಡಿ ಒಳಗ ಇಳದ್ವು. ನೀವು ಮ್ಯಾಲಿಂದ ಮ್ಯಾಲ ಗುಳಿಗಿ ನುಂಗಿ ಇದ್ದ ಒಳ್ಳೇವನ್ನೂ ಕೊಂದ್ರಿ. ರೊಟ್ಟಿ, ಪಲ್ಲೆ ಬಿಟ್ಟು ಉಳದಾವನ್ನ ಉಪಾಸ ಕೆಡವಿದ್ರಿ.”

“ಅಂದ್ರ ನನ್ನ ಕೈ ಮುರದದ್ದು ಒಸಡಿನಿಂದ?”

“ಹಂಗ ಹೇಳಾಕ ಬರೂದಿಲ್ಲ ಆಯಿ. ವಯಸ್ಸೈತಿ, ತಂಬಾಕೈತಿ, ಉಣ್ಣೂದು ಕಡಿಮಿ ಆಗೇತಿ. ಬಾಯಿ, ಹೊಟ್ಟಿ, ಎಲುಬು ಒಂದಕ್ಕೊಂದು ಹೆಂಗ ಕೂಡ್ತಾವಂತ ಓದಿದವರು ಇನ್ನೂ ಹುಡುಕಾಕತ್ತಾರ. ಆದ್ರ ಮೂರೂ ಒಂದ ಮನಿ ಮಂದಿ. ಒಬ್ಬರ ಮೈಯಾಗ ಛಲೋ ಇರದಿದ್ರ ಉಳದವರಿಗೂ ನಿದ್ದಿ ಇರೂದಿಲ್ಲ.”

“ನಮ್ಮ ಹೆಪ್ಪ ಕೆಟ್ಟರ ಬಾಜೂ ಮನಿ ಕಸ್ತೂರಿ ಕಡಿಂದ ತರ್ತೇವಿ. ಹೊಟ್ಟಿ ಹೆಪ್ಪ ಯಾರ ಮನಿಯಿಂದ ತರ್ಲಿ?”

ಅವಳು ಮುಖಗವಸಿನೊಳಗೇ ನಕ್ಕಳು. “ತರೂದು ಬ್ಯಾಡ. ಇದ್ದದ್ದನ್ನ ಕೊಲ್ಲಬ್ಯಾಡ್ರಿ, ಸಾಕು. ಡಾಕ್ಟರಿಗಿ ಕೇಳದ ಗುಳಿಗಿ ನುಂಗಬ್ಯಾಡ್ರಿ, ಮಿಸ್ರಿ ಬಿಡ್ರಿ. ಮಜ್ಜಿಗಿ ಕುಡೀರಿ, ಖರೆ, ಅದ ಒಂದ ಮದ್ದಂತ ತಿಳ್ಕೋಬ್ಯಾಡ್ರಿ.”

ಒಸಡು ಸ್ವಚ್ಛ ಮಾಡುವುದು, ಹಲ್ಲು ಕೀಳುವುದು, ಮತ್ತೆ ಮಾಯಲು ಬಿಡುವುದು, ಹೀಗೆ ಗೋಕಾಕದ ಬಸ್ಸು ನಮಗೆ ಮನೆಯಷ್ಟೇ ರೂಢಿಯಾಯಿತು. ಆ ನಡುವೆಯೇ ದೀಪಾ ಹಡೆದಳು. ಹೆಣ್ಣು ಕೂಸು. ಆಸ್ಪತ್ರೆಯಿಂದ ಮನೆಗೆ ಬಂದರು. ಎರೆಯುವ ದಿನ ಬಂತು. ನನ್ನ ಕೈ ಇನ್ನೂ ಪ್ಲಾಸ್ಟರಿನಲ್ಲೇ ಇತ್ತು.

ಯಾರಾದರೂ ಕಸ್ತೂರಿಗೆ ಹೇಳಬೇಕಿತ್ತು. ಮಹಾದೇವಿ ಹೇಳುತ್ತೇನೆಂದಳು, ಬೇಡವೆಂದೆ. ಮೋಟುಗೋಡೆಯ ಹತ್ತಿರ ಹೋಗಿ ಕರೆದೆ. “ಕಸ್ತೂರೀ, ನಮ್ಮ ಕೂಸಿಗಿ ನೀ ಎರಿ.”

ಎಮ್ಮೆ ತೊಳೆಯುವ ಮಾತು ಬರುತ್ತದೆಂದು ಮೈ ಬಿಗಿಹಿಡಿದು ನಿಂತಿದ್ದೆ. ಬಂದಿದ್ದರೆ ತಿರುಗಿ ಅಂದು ಹಗುರಾಗುತ್ತಿದ್ದೆ. ಅವಳು “ನೀರ ಕಾಯಾಕ ಇಡಾಕ ಹೇಳು, ಬಂದೆ,” ಎಂದಳು ಅಷ್ಟೇ. ಅವಳು ನನ್ನನ್ನು ಬೈಯದೆ ಬಿಟ್ಟದ್ದು ಅದೇ ಮೊದಲು. ಹಲ್ಲು ಕಿತ್ತಾಗಲೂ ಅಷ್ಟು ನೋವಾಗಿರಲಿಲ್ಲ.

ನಾನು ತೊಳೆದಿಟ್ಟ ಮಣೆಯ ಮೇಲೆ ಅವಳು ಕೂತಳು. ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತೆ. ಎಣ್ಣೆ ಹಚ್ಚಿದ ಆ ಪುಟ್ಟ ಬೆನ್ನು ಮಿಂಚುತ್ತಿತ್ತು. “ಕುತ್ತಿಗಿ ಹಿಡಿ, ಕುತ್ತಿಗಿ!” ಎಂದೆ.

“ಹಿಡದೇನವಾ. ಬಾಯಿ ಮುಚ್ಚು, ಒಳಗ ಗಾಳಿ ಹೋಕ್ಕೈತಿ.” ಅವಳು ಮತ್ತೆ ಕಸ್ತೂರಿಯಾಗಿದ್ದಳು. ನನ್ನ ಕಣ್ಣು ಒದ್ದೆಯಾಗಿದ್ದನ್ನು ಬಚ್ಚಲ ಉಗಿ ಮುಚ್ಚಿಕೊಂಡಿತು. ಕೂಸನ್ನು ಒರೆಸಿ ತಂದ ಮೇಲೆ, ಪ್ಲಾಸ್ಟರಿನ ತುದಿಯಿಂದ ಇಣುಕುತ್ತಿದ್ದ ಮೂರು ಬೆರಳಲ್ಲಿ ಹಣೆಗೆ ವಿಭೂತಿ ಹಚ್ಚಿದೆ. ನನ್ನ ಪಾಲಿಗೆ ಉಳಿದದ್ದು ಅಷ್ಟು.

ಮಿಸ್ರಿ ಮಾತ್ರ ಆಗಲೂ ಪೂರ್ತಿ ಬಿಟ್ಟಿರಲಿಲ್ಲ. ಒಮ್ಮೆ ಕೂಸು ಅಳುತ್ತಿದ್ದಾಗ ಚೀಪಲೆಂದು ಎಡಗೈಯ ಬೆರಳನ್ನು ಅದರ ತುಟಿಯ ಹತ್ತಿರ ಒಯ್ದೆ. ದೀಪಾ ನನ್ನ ಕೈ ಹಿಡಿದು ಮೂಸಿದಳು. “ಆಯಿ, ನಿನಗ ಬೈಯಾಕ ಮನಸಾಗೂದಿಲ್ಲ. ಆದ್ರ ಈ ಬೆರಳ ಇದರ ಬಾಯಿಗಿ ಬ್ಯಾಡ.” ಮೆತ್ತಗೆ ಹೇಳಿದಳು. ಅವತ್ತು ಸಂಜೆ ಡಬ್ಬಿಯನ್ನು ಹಿತ್ತಿಲಿನ ತಿಪ್ಪೆಗೆ ಸುರಿದೆ. ಸುರಿದ ಮೇಲೆ ಎಷ್ಟೋ ದಿನ ಬಾಯಿ ಅದನ್ನೇ ಕೇಳುತ್ತಿತ್ತು, ಕಾರಣವಿಲ್ಲದೆ ಎಲ್ಲರ ಮೇಲೆ ಹರಿಹಾಯ್ದೆ. ಮಹಾದೇವಿ ನನ್ನ ಕೈಗೆ ಬಡೇಸೋಪಿನ ಡಬ್ಬಿ ಕೊಟ್ಟು ದೂರ ಸರಿಯುತ್ತಿದ್ದಳು. ಮೆತ್ತನೆಯ ಬಿಸಿರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿ ಕೊಡುತ್ತಿದ್ದಳು, ಮೆಂತೆ ಪಲ್ಲೆ ನುಣ್ಣಗೆ ಬೇಯಿಸುತ್ತಿದ್ದಳು, ಹೊಸ ಮಜ್ಜಿಗೆ ತುಸು ಬೆಚ್ಚಗೆ ಮಾಡಿ ಕೊಡುತ್ತಿದ್ದಳು. ಹೊಟ್ಟೆ ನಿಧಾನಕ್ಕೆ ದಾರಿಗೆ ಬಂತು. ಇಂಜೆಕ್ಷನ್ನೂ ಶುರುವಾಯಿತು.

ಪ್ಲಾಸ್ಟರ್ ತೆಗೆದ ದಿನ ನೇರ ಬಚ್ಚಲಿಗೆ ಹೋಗಿ ತಂಬಿಗೆಯಲ್ಲಿ ನೀರು ತುಂಬಿ ಎತ್ತಿದೆ. ಹಿಡಿತ ನಿಲ್ಲದೆ ತಂಬಿಗೆ ಬಿತ್ತು. ವ್ಯಾಯಾಮ ಹೇಳಿಕೊಟ್ಟಿದ್ದರು, ಮಾಡುತ್ತ ಬಂದೆ. ಬರಿಯ ತಂಬಿಗೆ ಹಿಡಿಯಲು ಬಂದಾಗ ಕೂಸು ಕತ್ತು ಎತ್ತುತ್ತಿತ್ತು. ತುಂಬಿದ ತಂಬಿಗೆ ಹಿಡಿಯಲು ಬಂದಾಗ ಅದು ಮಗ್ಗುಲಾಗುತ್ತಿತ್ತು. ಎಣ್ಣೆ ಹಚ್ಚಿದ, ಮಗ್ಗುಲಾಗುವ ಕೂಸನ್ನು ಹಿಡಿಯುವ ಬಲ ಈ ಮಣಿಕಟ್ಟಿಗೆ ಬರಲೇ ಇಲ್ಲ. ನಾನು ಒಂದು ಹೆಜ್ಜೆ ಹೋದರೆ ಅದು ಎರಡು ಹೆಜ್ಜೆ ಮುಂದೆ.

ಐದನೇ ತಿಂಗಳಿಗೆ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವುದು ನಮ್ಮ ಪದ್ಧತಿ. ಹೊರಡುವ ಹಿಂದಿನ ದಿನ ದೀಪಾ ಒಂದು ತೆಳ್ಳನೆಯ ಬಿಳಿ ಅರಿವೆಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿ ತಂದಳು. ಕೂಸಿನ ಒಸಡು ಒರೆಸಬೇಕೆಂದು ನನ್ನ ಹಲ್ಲಿನ ಡಾಕ್ಟರೇ ಅವಳಿಗೆ ಹೇಳಿದ್ದಳಂತೆ.

“ಆಯಿ, ಬೆರಳ ತಾ.” ಮೂಸಿದಳು. “ಸಾಬೂನ ವಾಸನಿ,” ಎಂದು ನಕ್ಕು ಬೆರಳಿಗೆ ಅರಿವೆ ಸುತ್ತಿ ಕೂಸನ್ನು ನನ್ನ ತೊಡೆಗೆ ಒರಗಿಸಿದಳು.

ಕೂಸು ಬಾಯಿ ತೆಗೆಯಿತು. ಗುಲಾಬಿ ಬಣ್ಣದ ಗಟ್ಟಿ ಒಸಡು, ಒಂದು ಕಲೆಯಿಲ್ಲ. ನನ್ನ ಅವ್ವನ ಬೆರಳು ನನ್ನ ಬಾಯಿಗೆ ಮಿಸ್ರಿ ಒಯ್ದದ್ದು ನೆನಪಾಯಿತು. ಮೆಲ್ಲಗೆ ಒರೆಸುತ್ತ ಹೋದೆ. ಕೆಳಗೆ, ಎಡಕ್ಕೆ, ಅರಿವೆಗೆ ಏನೋ ತಡೆಯಿತು. ಜೋಳದ ನುಚ್ಚಿನ ಕಾಳಿನಷ್ಟು. ಕಣ್ಣಿಗೆ ಕಾಣದು, ಬೆರಳಿಗೆ ಗೊತ್ತಾಯಿತು. ತಲೆ ಎತ್ತಿದೆ. ದೀಪಾ ಚೀಲ ತುಂಬುತ್ತಿದ್ದಳು, ಕಸ್ತೂರಿ ಗೋಡೆಯಾಚೆ ಅರಿವೆ ಹರವುತ್ತಿದ್ದಳು. ನಾನು ಯಾರಿಗೂ ಹೇಳಲಿಲ್ಲ.

ಅವರು ಹುಕ್ಕೇರಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. “ಆಯೀ, ಹಲ್ಲ ಬಂದೈತಿ! ಎಲ್ಲಾರಕಿಂತ ಮೊದಲ ನಾನ ನೋಡಿದ್ನಿ!”

“ಹೌದಾ? ಛಲೋ ಆತು. ಎಡಕ್ಕಿಂದ ಇರಬೇಕಲ್ಲ?”

“ಹೌದ! ನಿನಗ ಹೆಂಗ ಗೊತ್ತಾತು?”

“ಮುದುಕೇರಿಗಿ ಗೊತ್ತಾಗ್ತೈತಿ ಬಿಡು.”

ಓಣಿಯ ಎಲ್ಲ ಮಕ್ಕಳ ಮೈ ಈ ಕೈಗೆ ಗೊತ್ತು, ನನ್ನ ಮನೆಯ ಈ ಕೂಸಿನದೊಂದು ಗೊತ್ತಿಲ್ಲ. ಅದರ ಬೆನ್ನಿನಲ್ಲಿ ಮಚ್ಚೆ ಎಲ್ಲಿದೆ ಎಂದು ಕಸ್ತೂರಿಯನ್ನು ಕೇಳಬೇಕು. ಅವಳು ಹೇಳುತ್ತಾಳೆ, ನಾನು ಕೇಳಿಲ್ಲ. ನನಗೆ ಗೊತ್ತಿರುವುದು ಒಂದು ಹಲ್ಲಿನ ಅಂಚು.

ಫೋನಿಟ್ಟು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದೆ. ನೀರು ತಿಳಿಯಾಗಿತ್ತು, ಇನ್ನೊಂದು ತಂಬಿಗೆ ಸುರಿಯಬೇಕಾಗಲಿಲ್ಲ. ಗೋಡೆಗೆ ಒರಗಿಸಿಟ್ಟ ಮಣೆ ಒಣಗಿ ನಿಂತಿತ್ತು.